ಗೊಗ್ಗರು ದನಿ

"ಕೈಗೆ ಲಕ್ವ ಹೊಡೆದಿದೆಯೇನೇ? ಎತ್ತೇ ಮೇಲೆ, ದರಿದ್ರದವಳೆ!"

ಸೂಪರ್‌ವೈಸರ್ ಕೂಗಿದ್ದು ಕಿಲಕಿಲಳ ಮೇಲೆ. ಒಗೆದು ಒಣಗಿಸಿದ ಬೆಡ್‌ಶೀಟಿನ ತುದಿ ನೆಲಕ್ಕೆ ತಾಗಿತ್ತು. ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆದು ಕೊಡುವ ಆ ಲಾಂಡ್ರಿಯಲ್ಲಿ ನೆಲ ಮುಟ್ಟಿದ್ದು ಮತ್ತೆ ನೀರಿಗೆ ಹೋಗಬೇಕು.

"ತಗೊಂಡೋಗಿ ಮತ್ತೆ ಹಾಕು. ನಿಮ್ಮಪ್ಪನ ಮನೆ ನೀರಾ ಇದು?"

ಕಿಲಕಿಲ ಎಂಬುದು ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೆಂಗಸರು ಇಟ್ಟ ಹೆಸರು. ಆಗ ಮಾತಿಗೊಮ್ಮೆ ನಗುತ್ತಿದ್ದಳು. ಮದುವೆಯಾದ ಮೇಲೆ ನಗು ಹೋಯಿತು, ಹೆಸರು ಉಳಿಯಿತು.

ಅವಳ ಜೋಡಿ, ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಹಿರಿಯಳು. ಇಬ್ಬರೂ ಎದುರುಬದುರು ನಿಂತು, ತಲಾ ಎರಡು ಮೂಲೆ ಹಿಡಿದು, ಕೈ ಎತ್ತಿ ಎಳೆದು, ಆಮೇಲೆ ಒಬ್ಬರತ್ತ ಒಬ್ಬರು ನಡೆದು ಮೂಲೆಗೆ ಮೂಲೆ ಕೂಡಿಸಬೇಕು. ದಿನವಿಡೀ ಇದೇ. ಈಚೆಗೆ ಕಿಲಕಿಲಳ ಎಡಗೈ ಹೆಗಲಿಗಿಂತ ಮೇಲೆ ಏಳುತ್ತಿರಲಿಲ್ಲ. ಸಾಲದ್ದಕ್ಕೆ, ದೊಡ್ಡಮ್ಮ ಎತ್ತಿದ ಕೈಯಲ್ಲಿ ಹತ್ತಿರ ಬಂದಾಗಲೆಲ್ಲ ಅವಳು ಕಣ್ಣು ಮುಚ್ಚುತ್ತಿದ್ದಳು. ಪ್ರತಿ ಬೆಡ್‌ಶೀಟಿಗೂ.

ದೊಡ್ಡಮ್ಮನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳೊಳಗೆ ಅದೆಲ್ಲ ಎಂದೋ ಬೂದಿಯಾಗಿ ತಣ್ಣಗಾಗಿತ್ತು. ಗಂಡ ಸತ್ತಾಗಲೂ ಅಳು ಬಂದಿರಲಿಲ್ಲ. ಸುಮ್ಮನೆ ತನ್ನ ಕೈಯನ್ನೂ ತಗ್ಗಿಸಿ ಮಡಿಸತೊಡಗಿದಳು. ಈಗ ಎರಡು ಕಡೆಯೂ ನೆಲ ಮುಟ್ಟಿತು.

"ನಿನಗೂ ಬಂತೇನೇ ರೋಗ, ಮುಂಡೆ?"

"ಹೌದಪ್ಪ, ಮುಂಡೆನೇ. ಅದಕ್ಕೇ ಇನ್ನೂ ಜೀವ ಇದೆ."

ಅವಳದು ಗೊಗ್ಗರು ದನಿ, ಹಸಿ ಮರಕ್ಕೆ ಗರಗಸ ಎಳೆದಂತೆ. ಅವಳು ಬಾಯಿ ಬಿಟ್ಟರೆ ಹೆಂಗಸರು ಕಿಸಕ್ಕೆನ್ನುವುದು ರೂಢಿ. ಈಗಲೂ ನಕ್ಕರು.

ಊಟದ ಹೊತ್ತಿಗೆ ಕಿಲಕಿಲಳ ಗಂಡ ಡಬ್ಬಿ ಹಿಡಿದು ಬಂದ. ದಿನಾ ಬರುತ್ತಾನೆ. ಹೆಂಡತಿಯ ಫೋನು ಅವನ ಜೇಬಿನಲ್ಲೇ. "ಎಲ್ಲೂ ಆಚೆ ಹೋಗಿಲ್ಲ ತಾನೇ?" ಎಂದು ಸೂಪರ್‌ವೈಸರನನ್ನು ವಿಚಾರಿಸುತ್ತಾನೆ. ಅವಳು ಕೊನೆಯ ತುತ್ತು ನುಂಗುವವರೆಗೆ ಎದುರಿಗೇ ಕೂರುತ್ತಾನೆ. ದೊಡ್ಡಮ್ಮನನ್ನು ಕಂಡರೆ ಎದ್ದು ನಿಂತು "ಊಟ ಆಯ್ತಾ ಅಮ್ಮ?" ಎನ್ನುತ್ತಾನೆ. ಬೆಣ್ಣೆಯಂಥ ಮಾತು.

"ಗಂಡ ಅಂದ್ರೆ ಇವ್ನು ಕಣೇ," ಎಂದಳು ಇಸ್ತ್ರಿಯವಳು, ಅವನು ಹೋದ ಮೇಲೆ. "ನಮ್ಮನೇಲೂ ಒಂದಿದೆ. ನಾನು ಸತ್ತು ಮಲಗಿದ್ರೂ ಅಡುಗೆ ಆಯ್ತಾ ಅಂತ ಕೇಳುತ್ತೆ."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಕಿಲಕಿಲ ಡಬ್ಬಿ ತೊಳೆಯಲು ಎದ್ದಳು. ದೊಡ್ಡಮ್ಮ ಹಿಂದೆಯೇ ಹೋದಳು.

"ನಿಮ್ಮಮ್ಮ ಹೇಗಿದಾರೆ?"

"ಗೊತ್ತಿಲ್ಲ ದೊಡ್ಡಮ್ಮ. ಅಮ್ಮನ ಜೊತೆ ಮಾತಾಡಿದ್ರೆ ಇವ್ರಿಗೆ ತಲೆನೋವು ಬರುತ್ತೆ."

"ಈ ಬೇಗೇಲಿ ಕುತ್ತಿಗೆಗೆ ಯಾಕೆ ಬಟ್ಟೆ ಸುತ್ಕೊಂಡಿದೀಯ?"

"ಶೀತ."

"ಹಿಸುಕಿದ್ನಾ?"

ಕಿಲಕಿಲ ಗೋಡೆ ನೋಡಿದಳು. "ನಂದೂ ತಪ್ಪಿತ್ತು. ಎದುರು ಮಾತಾಡ್ದೆ. ಆಮೇಲೆ ಅತ್ತುಬಿಟ್ರು ಪಾಪ, ನನ್ನ ಕಾಲು ಹಿಡ್ಕೊಂಡು. ನಾನಂದ್ರೆ ಪ್ರಾಣ ಅವ್ರಿಗೆ."

"ನನ್ನ ಗಂಡನೂ ಅಳ್ತಿದ್ದ. ಚೆನ್ನಾಗಿ ಅಳ್ತಿದ್ದ." ದೊಡ್ಡಮ್ಮ ನಲ್ಲಿ ನಿಲ್ಲಿಸಿದಳು. "ನನ್ನ ದನಿ ಕೇಳಿ ನಗ್ತೀರಲ್ಲ, ಇದು ಹುಟ್ಟಿದಾಗ್ಲಿಂದ ಬಂದಿದ್ದಲ್ಲ ಕಣೇ. ಮೊದ್ಲು ಹಾಡು ಹೇಳ್ತಿದ್ದೆ ನಾನು."

ಕಿಲಕಿಲಳ ಕೈ ತಾನಾಗಿ ಕುತ್ತಿಗೆಗೆ ಹೋಯಿತು.

"ಕುತ್ತಿಗೆಗೆ ಕೈ ಹಾಕಿದೋನು ಅಲ್ಲಿಗೇ ನಿಲ್ಸಲ್ಲ. ನಾನು ಉಳಿದಿದ್ದು ಅವನು ಮೊದ್ಲು ಸತ್ತಿದ್ದಕ್ಕೆ. ಇವತ್ತು ನನ್ನ ರೂಮಿಗೆ ಬಾ."

ಕಿಲಕಿಲ ತೊಳೆದ ಡಬ್ಬಿಯನ್ನೇ ಮತ್ತೆ ತೊಳೆದಳು.

ಸಂಜೆ ಗಂಟೆ ಹೊಡೆದಾಗ ಗಂಡ ಬಾಗಿಲಲ್ಲಿದ್ದ.

"ನಡಿಯೇ, ನಿನ್ನ ಮಹಾರಾಜ ಕಾಯ್ತಿದಾನೆ," ಎಂದ ಸೂಪರ್‌ವೈಸರ್. ಕಿಲಕಿಲ ಚೀಲ ಎತ್ತಿಕೊಂಡಳು. ಯಂತ್ರಗಳ ನಡುವಿನ ದಾರಿಯಲ್ಲಿ ದೊಡ್ಡಮ್ಮ ನಿಂತಿದ್ದಳು. ರಾಶಿಯಿಂದ ಒಂದು ಬೆಡ್‌ಶೀಟು ಎಳೆದು, ಎರಡು ಮೂಲೆ ಮುಂದೆ ಚಾಚಿದಳು.

"ಹಿಡ್ಕೋ."

ಕಿಲಕಿಲ ಆ ಮೂಲೆಗಳನ್ನು ನೋಡಿದಳು. ಬಾಗಿಲನ್ನು ನೋಡಿದಳು. ಚೀಲ ಕೆಳಗಿಟ್ಟು ಹಿಡಿದಳು. ದೊಡ್ಡಮ್ಮ ಹಿಂದೆ ಹಿಂದೆ ನಡೆದು ಆಚೆ ಬದಿಯ ಯಂತ್ರಕ್ಕೆ ಒರಗಿ ನಿಂತಳು. ದಾರಿಗೆ ಅಡ್ಡಲಾಗಿ ಬಟ್ಟೆ ಬಿಗಿಯಾಯಿತು.

"ಬಾ ಚಿನ್ನ, ಹೊತ್ತಾಯ್ತು," ಎಂದ ಗಂಡ, ಬಟ್ಟೆಯ ಆ ಕಡೆಯಿಂದ.

"ಇವತ್ತು ಬರಲ್ಲ ಅವಳು," ಎಂದಳು ದೊಡ್ಡಮ್ಮ. ಈ ಸಲ ಆ ದನಿಗೆ ಯಾರೂ ನಗಲಿಲ್ಲ.

"ಬಿಡೇ ಅದನ್ನ, ಬೇವರ್ಸಿ. ಮನೆಗೆ ನಡಿ, ನಿನ್ನ ಕತೆ ಮುಗಿಸ್ತೀನಿ."

ಅವನ ಬಾಯಲ್ಲಿ ಅಂಥ ಮಾತನ್ನು ಅಲ್ಲಿ ಯಾರೂ ಕೇಳಿರಲಿಲ್ಲ, ಕಿಲಕಿಲಳನ್ನು ಬಿಟ್ಟರೆ. ಇಸ್ತ್ರಿಯವಳು ಹೆಗಲ ಚೀಲ ಇಳಿಸಿದಳು.

"ಏನ್ರೇ ನಿಮ್ಮ ನಾಟಕ? ಗಂಡ ಹೆಂಡ್ತಿ ವಿಷ್ಯ ಅದು. ಆಚೆ ನಡೀರಿ ಎಲ್ಲಾ!" ಸೂಪರ್‌ವೈಸರ್ ಒಂದು ಸಾಲು ದೀಪ ಆರಿಸಿದ.

ಗಂಡ ಕೈ ಎತ್ತಿ ಮುಂದೆ ಬಂದ. ಕಿಲಕಿಲ ಕಣ್ಣು ಮುಚ್ಚಿದಳು. ಅವಳ ಎಡಗೈ ಹೆಗಲು ದಾಟಿ ಮೇಲೆದ್ದಿತ್ತು. ಬೆಡ್‌ಶೀಟು ನೆಲ ಮುಟ್ಟಲಿಲ್ಲ.