ಕಾಣದ ನೆಂಟನ ಜಾಗ

ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಧ್ಯಾಹ್ನದ ಬಿಸಿಲು ಗಾಜಿನ ಅಳತೆಪಾತ್ರೆಯೊಳಗಿಳಿದು ಮೀನಿನ ಹಾಗೆ ಆಡುತ್ತಿತ್ತು. ಅದನ್ನೇ ನೋಡುತ್ತ ಮೈಮರೆತವಳಿಗೆ ಸೋದರಮಾವ ಇಟ್ಟ ಅಡ್ಡಹೆಸರು ಮೋಡ. ಓದು ಮುಗಿಸಿ ಅವನ ಅಂಗಡಿಯಲ್ಲೇ ಕೆಲಸ ಕಲಿಯುತ್ತಿದ್ದಳು. ಹೊರಗೆ, ಜ್ವರದ ಕೂಸನ್ನು ಹೆಗಲಿಗೆ ಹಾಕಿಕೊಂಡ ತಾಯಿಯೊಬ್ಬಳು ಕಾಯುತ್ತಿದ್ದಳು.

ಸೀಸೆಯಲ್ಲಿದ್ದದ್ದು ಒಣ ಪುಡಿ. ನೀರು ಬೆರೆಸಿದರೆ ಅರವತ್ತು ಎಂಎಲ್ ಔಷಧಿ, ಒಂದೊಂದು ಎಂಎಲ್‌ನಲ್ಲೂ ಇಪ್ಪತ್ತೈದು ಮಿಲಿಗ್ರಾಂ ಮದ್ದು. ಕೂಸಿಗೆ ಒಂದು ಹೊತ್ತಿಗೆ ಬೇಕಾದದ್ದು ನೂರೈವತ್ತು, ಅಂದರೆ ಆರು ಎಂಎಲ್. ನೀರು ಕುಡಿದಷ್ಟು ಸುಲಭದ ಲೆಕ್ಕ. ಮೋಡ ಕಾಯಿಸಿ ಆರಿಸಿದ ನೀರನ್ನು ಅರವತ್ತು ಎಂಎಲ್ ಅಳೆದು ಸುರಿದು ಕುಲುಕಿದಳು. ಪುಡಿ ಗುಲಾಬಿ ಮಂಜಾಗಿ ಎದ್ದು, ಸುತ್ತಿ ಸುಳಿದು, ಬೆರೆತುಹೋಯಿತು.

ನೊರೆ ಇಳಿದಾಗ ನೋಡಿದರೆ ಔಷಧಿ ಸೀಸೆಯ ಮೇಲಿನ ಅರವತ್ತರ ಗೆರೆ ದಾಟಿ ಸೀಸೆಯ ಕೊರಳಿಗೇರಿ ಕೂತಿತ್ತು.

ಅಜ್ಜಿಯ ಕಥೆಯಲ್ಲೊಬ್ಬ ನೆಂಟನಿದ್ದ. ಹೊಸಿಲು ದಾಟಿದ್ದೇ ತಡ, ಕಣ್ಮರೆ. ಆದರೂ ರಾತ್ರಿ ಮನೆಯವರೆಲ್ಲ ಮಲಗಿದರೆ ಒಬ್ಬರಿಗೆ ಜಾಗ ಸಾಲುತ್ತಿರಲಿಲ್ಲ. ಈಗ ಅವನ ನೆನಪಾಗಿ ಮೋಡ ಲೇಬಲ್ಲನ್ನು ಮತ್ತೆ ಓದಿದಳು. ಪುಡಿ ಕಾಣದಾಗಿದ್ದರೂ ಇಪ್ಪತ್ತು ಎಂಎಲ್ ಜಾಗ ಹಿಡಿದೇ ಕೂತಿತ್ತು. ನಲವತ್ತು ಸುರಿಯಿರಿ ಎಂದು ಲೇಬಲ್ಲಿನಲ್ಲಿತ್ತು. ಅವಳ ಕಣ್ಣು ಬಿದ್ದದ್ದು ದಪ್ಪಕ್ಷರದ ಅರವತ್ತರ ಮೇಲೆ. ಅದೇ ಮದ್ದು ಈಗ ಎಂಬತ್ತರಲ್ಲಿ ತೆಳುವಾಗಿತ್ತು. ಆರು ಎಂಎಲ್ ಕುಡಿಸಿದರೆ ಕೂಸಿಗೆ ಸಿಗುವುದು ಮುಕ್ಕಾಲು ಪಾಲು, ಕಾಯಿಲೆ ಜಗ್ಗದಿದ್ದರೆ?

ಆರರ ಬದಲು ಎಂಟು ಕೊಡಿ ಎಂದು ತಾಯಿಯ ಕಿವಿಯಲ್ಲಿ ಹೇಳಿಬಿಟ್ಟರೆ ಲೆಕ್ಕ ಸರಿ, ಮಾವನಿಗೂ ತಿಳಿಯದು. ಆಸೆಯೇನೋ ಆಯಿತು. ಅಷ್ಟರಲ್ಲಿ ಕಣ್ಣೆದುರು ಆ ಮನೆ ತೆರೆದುಕೊಂಡಿತು: ತಾಯಿ ಎಂಟು ಕುಡಿಸುತ್ತಾಳೆ, ತಂದೆ ಲೇಬಲ್ ಓದಿ ಆರು ಕುಡಿಸುತ್ತಾನೆ.

ಸೀಸೆ ಹಿಡಿದು ಮಾವನ ಮುಂದೆ ನಿಂತಳು.

"ಮಾವ, ನೀರು ಜಾಸ್ತಿ ಹಾಕ್ಬಿಟ್ಟೆ. ಎಂಟು ಕೊಟ್ರೆ ಸರಿಹೋಗುತ್ತೆ. ಆದ್ರೆ ಆ ಲೆಕ್ಕ ನನ್ ತಲೇಲಿದೆ, ಸೀಸೆ ಮೇಲಿಲ್ಲ."

"ಬೆರೆಸು ಅಂದಿದ್ದೆ ಕಣೇ, ಕೆರೆ ತುಂಬ್ಸು ಅಂದಿರ್ಲಿಲ್ಲ." ಮಾವ ಅದನ್ನು ಪಕ್ಕಕ್ಕಿಟ್ಟು, ಕಪಾಟಿನಿಂದ ಇನ್ನೊಂದು ಸೀಸೆ ತೆಗೆದು ಅವಳ ಕೈಗೇ ಕೊಟ್ಟ. "ಇರೋದು ಇದೊಂದೇ. ಕೈ ನಡುಗಿದ್ರೆ ನಡುಗ್ಲಿ, ಕಣ್ಣು ಇಲ್ಲೇ ಇರ್ಲಿ."

ಈ ಸಲ ನಲವತ್ತು ಅಳೆದಳು. ಅರ್ಧ ಸುರಿದು ಕುಲುಕಿ, ಉಳಿದದ್ದನ್ನೂ ಸುರಿದು ಕುಲುಕಿ, ನೊರೆ ಇಳಿಯುವವರೆಗೂ ಕಾದಳು. ಔಷಧಿ ಗೆರೆಗೆ ಸರಿಯಾಗಿ ಬಂದು ನಿಂತಿತು. ನೆಂಟ ತನ್ನ ಜಾಗದಲ್ಲಿ ಆರಾಮಾಗಿ ಕೂತಿದ್ದ.

ಹೊರಗೆ ಕೂಸು ಆರು ಎಂಎಲ್ ನುಂಗಿ, ಮುಖ ಕಿವುಚಿ, ಗುಲಾಬಿ ಬಾಯಿಯನ್ನು ಅಮ್ಮನ ಹೆಗಲಿಗೇ ಒರೆಸಿಕೊಂಡಿತು.