ಹೊಳೆ ಈಜಿದವಳು

ತಿಮ್ಮವ್ವನಿಗೆ ಹೊಟ್ಟೆಕಿಚ್ಚು ಇದೆಯೆಂದು ಹೊನ್ನಗಡ್ಡಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ ಅನ್ನುವುದು ಬೇರೆ ಮಾತು. ಆದರೆ ಇತ್ತು. ಚೂರುಪಾರು ಅಲ್ಲ, ಒಲೆ ತುಂಬ ಇತ್ತು. ಅದು ಹೊತ್ತಿಕೊಂಡದ್ದು ಸೇತುವೆ ಆದ ಮೇಲೆ.

ಕಕ್ಕೇರಾದ ಆಚೆ ಕೃಷ್ಣಾ ಹೊಳೆ ಎರಡಾಗಿ ಸೀಳಿ ಮತ್ತೆ ಕೂಡುವಲ್ಲಿ ನಡುವೆ ಉಳಿದ ನೆಲವೇ ಹೊನ್ನಗಡ್ಡಿ. ಎಪ್ಪತ್ತು ಮನೆ, ಒಂದು ಶಾಲೆ, ನಾಲ್ಕು ಬೇವಿನ ಮರ. ಮೊದಲು ಹೊಳೆ ತುಂಬಿತೆಂದರೆ ಎರಡು ತಿಂಗಳು ಆಚೆ ದಂಡೆಯ ಮುಖ ಕಾಣುವಂತಿರಲಿಲ್ಲ. ಹರಿಗೋಲು ಹಾಕಲು ಅಂಬಿಗರೂ ಒಪ್ಪುತ್ತಿರಲಿಲ್ಲ. ಆಗಲೂ ದಾಟಲೇಬೇಕೆಂದರೆ ಒಣಗಿದ ಸೋರೆಬುರುಡೆಗಳನ್ನು ಬೆನ್ನಿಗೆ ಕಟ್ಟಿಕೊಂಡು ಈಜಬೇಕು. ಹಾಗೆ ಈಜಬಲ್ಲ ಗಂಡಸರು ಗಡ್ಡಿಯಲ್ಲಿ ಹತ್ತು ಹನ್ನೆರಡು ಜನ ಇದ್ದರು. ಹೆಂಗಸರಲ್ಲಿ ತಿಮ್ಮವ್ವ ಒಬ್ಬಳೇ. ಈಜುವವರು ಯಾರ ಮನೆಯಲ್ಲಿ ಏನು ತೀರಿದೆ ಎಂದು ಕೇಳಿಕೊಂಡೇ ನೀರಿಗಿಳಿಯಬೇಕು, ಅದು ಅಲ್ಲಿನ ರೂಢಿ. ತಲೆಯ ಮೇಲೆ ಡಬ್ಬಿ ಬಿಗಿದುಕೊಂಡು ಉಪ್ಪು, ಕಡ್ಡಿಪೆಟ್ಟಿಗೆ, ಗುಳಿಗೆ ತಂದು ಅವಳು ಎಷ್ಟು ಮನೆಗಳ ಒಲೆ ಹೊತ್ತಿಸಿದ್ದಳೋ.

ಈಗ ಸೇತುವೆ ಬಂದಿದೆ. ಅದರ ಮೇಲೆ ಮೊದಲು ಆಂಬುಲೆನ್ಸ್ ಬಂತು, ಆಮೇಲೆ ಗ್ಯಾಸಿನ ಗಾಡಿ ಬಂತು, ಅದರ ಹಿಂದೆಯೇ ಜನ ಬಂದರು. ಅದೇನು ಜನ! ರವಿವಾರ ಆಯಿತೆಂದರೆ ಯಾದಗಿರಿಯ ಕಾರು, ಶಹಾಪುರದ ಕಾರು, ಬೈಕುಗಳಂತೂ ಲೆಕ್ಕಕ್ಕಿಲ್ಲ. ಬಟ್ಟೆ ಒಗೆಯುತ್ತಿದ್ದವರಿಗೆ ಫೋಟೋಕ್ಕೆ ಸ್ವಲ್ಪ ಈ ಕಡೆ ತಿರುಗಿ ಅನ್ನುವವರು, ಬಂಡೆಯ ಮೇಲೆ ಕುಣಿಯುವವರು, ತಿಂದ ಪೊಟ್ಟಣವನ್ನು ನಿಂತಲ್ಲೇ ಉದುರಿಸಿ ಹೋಗುವವರು. ಕೀಲಿಯನ್ನೇ ಕಂಡಿರದ ಊರಿನ ಬಾಗಿಲುಗಳಿಗೆ ಕೀಲಿ ಬಿದ್ದವು. ಹಿಟ್ಟು ತೀರಿದರೆ ಬುಟ್ಟಿ ಹಿಡಿದು ಪಕ್ಕದ ಮನೆಗೆ ಹೋಗುತ್ತಿದ್ದವರು ಈಗ ಪಕ್ಕದ ಮನೆಯ ಮುಂದೆ ಎಷ್ಟು ಕಾರು ನಿಂತಿವೆ ಎಂದು ಕಿಟಕಿಯಿಂದ ಹಣಿಕಿ ನೋಡತೊಡಗಿದರು.

ಎಲ್ಲರಿಗಿಂತ ಮೊದಲು ಮನೆಯ ಮುಂದೆ ಬೋರ್ಡು ಹಾಕಿದವಳು ಪರಿಮಳಾ. ತಿಮ್ಮವ್ವನ ಮೈದುನ ಮರಿಲಿಂಗನ ಹೆಂಡತಿ, ಅಂದರೆ ಅವಳ ನೆಗೆಣ್ಣಿ. ಎರಡು ಮನೆಗಳಿಗೂ ನಡುವೆ ಒಂದೇ ಗೋಡೆ. ಬೋರ್ಡಿನ ಮೇಲೆ ಏನು ಬರೆದಿದೆ ಎಂದು ತಿಮ್ಮವ್ವ ಅವಳನ್ನೇ ಕೇಳಿದ್ದಳು.

"ದ್ವೀಪದ ಊಟ ಅಂತ ಬರಸೀನಿ ಯಕ್ಕಾ."

"ದೀಪದ ಊಟ? ಹಾಡೇಹಗಲು ದೀಪಾ ಹಚ್ಚಿಟ್ಟು ಉಣ್ಣಾಕ ನೀಡ್ತಿಯೇನಬೇ?"

"ದೀಪ ಅಲ್ಲ, ದ್ವೀಪ. ಗಡ್ಡಿಗೆ ಬುಕ್ಕಿನ್ಯಾಗ ಹಂಗಂತಾರ," ಎಂದು ಪರಿಮಳಾ ನಕ್ಕಿದ್ದಳು.

ಕೇಡಿನ ನಗುವೇನಲ್ಲ. ಆದರೂ ತಿಮ್ಮವ್ವನಿಗೆ ಮೈಯೆಲ್ಲ ಉರಿಯಿತು. ಹುಟ್ಟಿದ್ದು ಗಡ್ಡಿಯಲ್ಲಿ, ಲಗ್ನವಾಗಿ ಬಂದದ್ದು ಅದೇ ಗಡ್ಡಿಯ ಇನ್ನೊಂದು ಓಣಿಗೆ. ತನ್ನ ಊರಿಗೆ ತನಗೇ ಗೊತ್ತಿಲ್ಲದ ಹೆಸರು, ಶಹಾಪುರದಿಂದ ಬಂದ ಇವಳಿಗೆ ಗೊತ್ತು. ಲಗ್ನದ ದಿನ ಇದೇ ಪರಿಮಳಾ ಹರಿಗೋಲಿನಲ್ಲಿ ಕಣ್ಣು ಮುಚ್ಚಿಕೊಂಡು, ತಿಮ್ಮವ್ವನ ತೋಳು ಹಿಡಿದು, ಬಾಸಿಂಗ ವಾರೆಯಾಗುವಷ್ಟು ವಾಂತಿ ಮಾಡಿಕೊಂಡು ಬಂದಿದ್ದಳು. ಹದಿನೆಂಟು ವರ್ಷ ಕಳೆದರೂ ಮೊಣಕಾಲಿಗಿಂತ ಮೇಲೆ ನೀರಿಗಿಳಿದವಳಲ್ಲ. ಅಂಥವಳ ಕೈಯ ಜೋಳದ ರೊಟ್ಟಿ, ಮೀನಿನ ಸಾರು ಉಣ್ಣಲು ಜನ ಸಾಲು ಹಚ್ಚುತ್ತಿದ್ದರು. ತಿಮ್ಮವ್ವನ ರೊಟ್ಟಿ ಇನ್ನೂ ತೆಳುವು, ಅದನ್ನು ಕೇಳುವವರೇ ಇರಲಿಲ್ಲ.

ಅಷ್ಟಾದರೂ ನುಂಗಿಕೊಳ್ಳುತ್ತಿದ್ದಳೇನೋ. ಒಂದು ರವಿವಾರ ಮಧ್ಯಾಹ್ನ ಗೋಡೆಯ ಈಚೆ ಹಿಟ್ಟು ನಾದುತ್ತ ಕುಳಿತಿದ್ದಾಗ ಆಚೆಯಿಂದ ಪರಿಮಳಾಳ ದನಿ ಕೇಳಿಸಿತು. ಊಟಕ್ಕೆ ಕುಳಿತವರಿಗೆ ಕಥೆ ಹೇಳುತ್ತಿದ್ದಳು.

"ನನ್ನ ಮಗಳು ರೇವತಿ ಆಗ ಹತ್ತು ತಿಂಗಳ ಕೂಸು. ಜ್ವರಾ ಏರಿ ಕಣ್ಣು ಮ್ಯಾಲ ಮಾಡಿತ್ರಿ. ಹೊಳಿ ದಂಡಿ ಮೀರಿ ಹರ್ಯಾಕತ್ತಿತ್ತು. ಅಂಬಿಗರು ಬರಾಂಗಿಲ್ಲ ಅಂದ್ರು. ನಾ ಏನ್ ಮಾಡ್ಲಿ? ಎರಡು ಬುರುಡಿ ಕಟ್ಕೊಂಡು ಜಿಗದಬಿಟ್ಟೆ. ಕಕ್ಕೇರಾಕ್ಕ ನಡಕೊಂತ ಹೋಗಿ ಔಷಧ ತಂದು, ಮತ್ತ ಈಜಿಕೊಂತ ಬಂದೀನ್ರಿ."

ಕೇಳಿದವರು ಅಯ್ಯೋ ಅಂದರು, ತಾಯಿ ಅಂದರೆ ತಾಯಿ ಅಂದರು. ತಿಮ್ಮವ್ವನ ಕೈ ಹಿಟ್ಟಿನಲ್ಲೇ ನಿಂತುಹೋಯಿತು.

ಜಿಗಿದವಳು ತಿಮ್ಮವ್ವ. ಹದಿನಾರು ವರ್ಷದ ಹಿಂದೆ, ನಾಗರ ಪಂಚಮಿಯ ಮರುದಿನ. ಬರುವಾಗ ಸುಳಿ ಎಳೆದು ಅರ್ಧ ಹರದಾರಿ ಕೆಳಗೆ ಹೋಗಿ ದಂಡೆ ಹಿಡಿದಿದ್ದಳು. ಮೈಮೇಲೆ ಮುಳ್ಳು ಗೀರದ ಜಾಗ ಇರಲಿಲ್ಲ. ತಲೆಯ ಮೇಲಿನ ಡಬ್ಬಿಯಲ್ಲಿದ್ದ ಔಷಧದ ಬಾಟಲಿಗೆ ಮಾತ್ರ ನೀರು ತಾಗಿರಲಿಲ್ಲ. ಅವಳ ಆಯುಷ್ಯದಲ್ಲಿ ಹೇಳಿಕೊಳ್ಳುವಂಥದ್ದು ಅದೊಂದೇ. ಹೊಲ ಗಂಡನದು, ಮಕ್ಕಳು ಸೊಸೆಯಂದಿರ ಪಾಲು, ಆ ಒಂದು ದಿನ ಮಾತ್ರ ಪೂರ್ತಿ ಅವಳದು. ಅದನ್ನೂ ಈ ಹೆಂಗಸು ಮೀನಿನ ಸಾರಿನ ಜೊತೆ ಬಡಿಸಿಬಿಟ್ಟಳಲ್ಲ!

ಗಂಡ ಸಾಬಣ್ಣನಿಗೆ ಹೇಳಿದರೆ ಅವನು ಬೀಡಿ ಆರಿಸದೆಯೇ, "ಹೇಳ್ಕೊಂಡ್ರ ಹೇಳ್ಕೊಳ್ಳಲಿ ಬಿಡು. ನಿಂದೇನು ಸವೀತೈತಿ?" ಅಂದ.

ಸವೆಯುತ್ತಿತ್ತು. ರವಿವಾರಕ್ಕೊಮ್ಮೆ ಸವೆಯುತ್ತಿತ್ತು. ಗೋಡೆಗೆ ಕಿವಿ ಹಚ್ಚಿ ಕೇಳುವುದು ಅವಳಿಗೆ ಚಟವೇ ಆಯಿತು. ಒಮ್ಮೆ ಹೊಳೆಯಲ್ಲಿ ಹಾವು ಬಂತು, ಇನ್ನೊಮ್ಮೆ ಮೊಸಳೆ ಬಂತು, ಪರಿಮಳಾಳ ಬಾಯಲ್ಲಿ ಹೊಳೆ ವಾರ ವಾರಕ್ಕೂ ಅಗಲವಾಗುತ್ತಿತ್ತು. ಎದುರಿಗೆ ಹೋಗಿ ಅದು ನನ್ನದು ಅನ್ನಬಹುದಿತ್ತು. ಆದರೆ ತನ್ನದನ್ನು ತಾನೇ ಕೇಳಿ ಪಡೆಯುವುದು ತಿಮ್ಮವ್ವನಿಗೆ ಭಿಕ್ಷೆ ಬೇಡಿದ ಹಾಗೆ ಕಾಣುತ್ತಿತ್ತು. ಆಕೆಯೇ ಒಪ್ಪಿಕೊಳ್ಳಬೇಕು, ಊರ ಮುಂದೆ ಒಪ್ಪಿಕೊಳ್ಳಬೇಕು ಎಂದು ಹಲ್ಲು ಕಚ್ಚಿ ಕಾದಳು.

ಆ ದಿನವೂ ಬಂತು. ಸುರಪುರದ ತೌಫೀಕ್ ಎಂಬ ಹುಡುಗ ಕ್ಯಾಮೆರಾ ಹಿಡಿದುಕೊಂಡು ಬಂದ. ಅವನ ವಿಡಿಯೋಗಳನ್ನು ಲಕ್ಷಗಟ್ಟಲೆ ಜನ ನೋಡುತ್ತಾರಂತೆ. ಪರಿಮಳಾಳ ಕಥೆ ಕೇಳಿ ಕುಣಿದಾಡಿದ.

"ಅಕ್ಕೋರೆ, ಜಬರ್ದಸ್ತ್ ಐತ್ರಿ! ಬುರುಡಿ ಕಟ್ಕೊಂಡು ಒಂದೀಟು ನೀರಿಗಿಳೀರಿ. ಹತ್ತು ಮಾರು ಈಜಿದ್ರ ಸಾಕು, ನಾ ದಂಡ್ಯಾಗ ನಿಂತು ಹಿಡೀತೀನಿ."

ಪರಿಮಳಾಳ ಮುಖ ಸುಣ್ಣದಂತಾಯಿತು. ಅಂಗಳದಲ್ಲಿ ಮರಿಲಿಂಗನೂ ಸಾಬಣ್ಣನೂ ಇದ್ದರು, ನೆರೆಹೊರೆಯ ಹತ್ತು ಜನ ಇದ್ದರು. ಅವಳು ತಿಮ್ಮವ್ವನ ಕಡೆ ನೋಡಿದಳು. ಈಗ ಹೇಳು, ಎಂದುಕೊಂಡಳು ತಿಮ್ಮವ್ವ. ನಾನಲ್ಲ, ನಮ್ಮಕ್ಕ ಅಂತ ಒಂದು ಮಾತು ಹೇಳು, ಎಲ್ಲ ಮರೆತುಬಿಡುತ್ತೇನೆ.

"ಆತ್ರಿ," ಅಂದಳು ಪರಿಮಳಾ. "ಯಕ್ಕಾ, ನಿನ್ನ ಬುರುಡಿ ಕೊಡು."

ತಿಮ್ಮವ್ವ ಅಟ್ಟದಿಂದ ಬುರುಡೆ ಇಳಿಸಿ, ಧೂಳು ಒರೆಸಿ ಕೊಟ್ಟಳು.

ಹೊಳೆಯ ದಂಡೆಗೆ ಅರ್ಧ ಊರು ಬಂದಿತ್ತು, ಜೊತೆಗೆ ಕಾರುಗಳ ಜನ. ಮೇಲಿನ ಅಣೆಕಟ್ಟಿನ ಗೇಟು ಮುಚ್ಚಿ ನಾಲ್ಕು ದಿನವಾಗಿದ್ದರಿಂದ ನೀರು ಸಣ್ಣಗಾಗಿತ್ತು, ಬುರುಡೆಯೂ ಇದೆಯಲ್ಲ ಎಂದು ಮರಿಲಿಂಗ ತಡೆಯಲಿಲ್ಲ. ಆದರೆ ಬಂಡೆಯ ಅಂಚು ದಾಟಿದರೆ ಆಳವಾದ ಮಡು ಇತ್ತು. ಪರಿಮಳಾ ಸೆರಗು ಬಿಗಿದು, ಬುರುಡೆಗಳನ್ನು ಬೆನ್ನಿಗಿಟ್ಟು, ಹಗ್ಗವನ್ನು ಸೊಂಟಕ್ಕೆ ಸುತ್ತಿ ಹೊಟ್ಟೆಯ ಮೇಲೆ ಗಂಟು ಹಾಕಿದಳು.

ಉಳಿದವರ ಕಣ್ಣೆಲ್ಲ ಕ್ಯಾಮೆರಾದ ಮೇಲಿದ್ದಾಗ ತಿಮ್ಮವ್ವ ಅದನ್ನು ನೋಡಿದಳು.

ಬುರುಡೆಯನ್ನು ಸೊಂಟಕ್ಕೆ ಕಟ್ಟುವುದು ದಾರಿಯಲ್ಲಿ ನಡೆಯುವಾಗ ಮಾತ್ರ. ನೀರಿನ ಅಂಚಿಗೆ ಬಂದ ಮೇಲೆ ಹಗ್ಗವನ್ನು ಕಂಕುಳಿನವರೆಗೆ ಏರಿಸಿ, ಎದೆಯ ಮೇಲೆ ಗಂಟು ಬಿಗಿಯಬೇಕು. ಆಗಲೇ ತಲೆ ಮೇಲೆ ನಿಲ್ಲುತ್ತದೆ. ಗಡ್ಡಿಯ ಸಣ್ಣ ಕೂಸಿಗೂ ಗೊತ್ತಿದ್ದ ಸಂಗತಿ ಅದು, ಆದರೆ ಬುರುಡೆ ಕಂಡ ಕೂಸುಗಳೇ ಈಗ ಇಲ್ಲ. ಪರಿಮಳಾಳಿಗೆ ಗೊತ್ತಿರಲಿಲ್ಲ. ನೀರೆಂದರೆ ಹೆದರುವ ಅವಳು ಯಾವತ್ತೂ ಮನೆಯ ಕಟ್ಟೆಯ ಮೇಲೆ ನಿಂತೇ ತಿಮ್ಮವ್ವನನ್ನು ಬೀಳ್ಕೊಡುತ್ತಿದ್ದಳು. ಅವಳು ಕಂಡದ್ದು ಸೊಂಟದ ಗಂಟು ಮಾತ್ರ.

ಮ್ಯಾಲ ಏರಿಸ್ಕೋಬೇ, ಅನ್ನಲು ಎಷ್ಟು ಹೊತ್ತು ಬೇಕು? ತಿಮ್ಮವ್ವನ ನಾಲಿಗೆಯ ತುದಿಯವರೆಗೆ ಬಂತು. ಅಲ್ಲೇ ಕಚ್ಚಿ ಹಿಡಿದಳು. ನಾಲ್ಕು ಗುಟುಕು ನೀರು ಕುಡಿಯಲಿ. ಊರೆಲ್ಲ ನಗಲಿ. ಹೊಳೆ ಈಜಿದವಳು ಯಾರೆಂದು ಆ ಕ್ಯಾಮೆರಾಕ್ಕೂ ತಿಳಿಯಲಿ. ಸಾಯಲಿ ಎಂದು ಅವಳು ಬಯಸಲಿಲ್ಲ, ಅಷ್ಟನ್ನು ಅವಳ ಪರವಾಗಿ ಹೇಳಬೇಕು. ನಗೆಗೀಡಾಗಲಿ ಎಂದಷ್ಟೇ ಬಯಸಿದಳು. ಹೊಳೆಗೆ ಇಂಥ ವ್ಯತ್ಯಾಸವೆಲ್ಲ ತಿಳಿಯುವುದಿಲ್ಲ.

ಪರಿಮಳಾ ಎರಡು ಹೆಜ್ಜೆ ಇಟ್ಟಳು. ಮೂರನೆಯದಕ್ಕೆ ಬಂಡೆಯ ಅಂಚಿನಲ್ಲಿ ಕಾಲು ಜಾರಿ ಮಡುವಿನೊಳಗೆ ಹೋದಳು. ಬುರುಡೆಗಳು ಸೊಂಟವನ್ನು ಮೇಲಕ್ಕೆತ್ತಿದವು, ತಲೆ ಕೆಳಗೆ ಹೋಯಿತು. ಕಾಲುಗಳು ಮೇಲೆ ಬಡಿದಾಡಿದವು. ಕಾರಿನ ಜನ ಇದೂ ಒಂದು ಈಜಿನ ಪರಿಯೆಂದು ತಿಳಿದು ಚಪ್ಪಾಳೆ ತಟ್ಟಿದರು. ತಿಮ್ಮವ್ವ ಒಂದು ಉಸಿರಿನಷ್ಟು ಹೊತ್ತು ಹಾಗೇ ನಿಂತಿದ್ದಳು. ಆಮೇಲೆ ಉಟ್ಟ ಸೀರೆಯಲ್ಲೇ ಮಡುವಿಗೆ ಬಿದ್ದಳು.

ಕೂದಲು ಹಿಡಿದು ತಲೆ ಎತ್ತಿ, ಹಗ್ಗವನ್ನು ಎಳೆದು ಕಂಕುಳಿಗೇರಿಸಿ, ಅವಳನ್ನು ದಂಡೆಗೆ ತಂದು ಬೋರಲು ಹಾಕಿದಳು. ಪರಿಮಳಾ ನೀರು ಕಾರಿ, ಕೆಮ್ಮಿ, ತಿಮ್ಮವ್ವನ ಕೊರಳಿಗೆ ಜೋತುಬಿದ್ದು ಅತ್ತಳು. ತೌಫೀಕನ ಕ್ಯಾಮೆರಾ ಎಲ್ಲವನ್ನೂ ನೋಡಿತ್ತು, ತಿಮ್ಮವ್ವ ನಿಂತಿದ್ದ ಆ ಒಂದು ಉಸಿರನ್ನು ಬಿಟ್ಟು.

ಮುಂದಿನ ರವಿವಾರ ವಿಡಿಯೋ ನೋಡಿದವರ ಕಾರುಗಳು ತಿಮ್ಮವ್ವನ ಮನೆಯ ಮುಂದೆ ನಿಂತವು. ಹೊಳೆ ಈಜುವ ಅಮ್ಮ ಎಲ್ಲಿ ಎಂದು ಕೇಳಿಕೊಂಡು ಬಂದವರ ಜೊತೆ ಪರಿಮಳಾಳೂ ಬಂದಳು. ಯಾರೂ ಕೇಳದೆಯೇ, ಎಲ್ಲರ ಎದುರು ಹೇಳಿದಳು.

"ನನ್ನ ಕೂಸಿಗಾಗಿ ಹೊಳಿ ಈಜಿದಾಕಿ ನಮ್ಮಕ್ಕ. ನಾ ಕಟ್ಟಿಮ್ಯಾಲ ಕುಂತು ಅತ್ತಾಕಿ. ತಾಯಿ ಏನ್ ಮಾಡಿದ್ಳು ಅಂತ ಜನಾ ಕೇಳ್ತಿದ್ರು, ಅಳಕೋತ ಕುಂತಿದ್ದೆ ಅನ್ನಾಕ ನಾಚಿಕಿ ಬರ್ತಿತ್ರಿ. ಅದಕ್ಕ ಸುಳ್ಳು ಹೇಳೀನಿ. ಅಂಥಾ ಸುಳ್ಳುಬುರುಕಿನ್ನ ಅಕಿ ಜಿಗಿದು ಉಳಿಸ್ಯಾಳ."

ವರ್ಷವಿಡೀ ಕಾದ ಮಾತು ಕಿವಿಗೆ ಬಿತ್ತು. ಗಂಟು ಕಂಡೂ ಬಾಯಿಬಿಡದ ತಿಮ್ಮವ್ವನಿಗೆ ಅದು ದಕ್ಕಲಿಲ್ಲ. ಹೊಟ್ಟೆಕಿಚ್ಚು ಆರಿತೆಂದುಕೊಂಡರೆ ಅದು ಬೇರೆ ಕಡೆ ಹೊತ್ತಿಕೊಂಡಿತ್ತು. ಇಷ್ಟು ಹಗುರಾಗಿ ತಪ್ಪು ಒಪ್ಪಿಕೊಂಡು, ಉಂಡು, ರಾತ್ರಿ ನಿದ್ದೆ ಮಾಡುವ ಈ ಹೆಂಗಸಿನ ಮನಸ್ಸು ತನಗಿಲ್ಲವಲ್ಲ ಎಂದು ಉರಿದಳು.

ಜನ ಉಂಡು ಹೋದ ಮೇಲೆ ಇಬ್ಬರೂ ತಿಮ್ಮವ್ವನ ಹಿತ್ತಲಲ್ಲಿ ತಾಟು ತೊಳೆಯಲು ಕುಳಿತರು. ಪರಿಮಳಾ ಕೇಳಿದಳು.

"ಯಕ್ಕಾ, ನೀನೂ ಸೊಂಟಕ್ಕ ಕಟ್ಕೊಂಡು ಹೋಗ್ತಿದ್ದಿ. ಮತ್ತ ನಾ ಯಾಕ ಮುಳುಗಿದೆ?"

"ನೀರಿಗಿಳಿಯೂದಕ್ಕ ಮೊದ್ಲು ಕಂಕುಳಿಗೆ ಏರಿಸ್ಕೋಬೇಕು."

"ಹೌದಾ? ಯಾರೂ ಹೇಳಿಲ್ಲ ನೋಡು ನನಗ." ಪರಿಮಳಾ ತಾಟಿಗೆ ಬೂದಿ ಹಚ್ಚುತ್ತ ತಾನೇ ಸಮಾಧಾನ ಹೇಳಿಕೊಂಡಳು. "ಅಷ್ಟು ಜನದಾಗ ನಿನಗೂ ಕಂಡಿರಾಕಿಲ್ಲ."

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆ ಹೂಂ ಒಳಗಿಟ್ಟುಕೊಂಡು ಇವಳ ಬಾಯಿಂದ ಪ್ರತಿ ರವಿವಾರ ಹೊಗಳಿಕೆ ಕೇಳುವುದು ತಿಮ್ಮವ್ವನಿಂದ ಆಗುವಂತಿರಲಿಲ್ಲ.

"ಕಂಡಿತ್ತು," ಅಂದಳು.

ಪರಿಮಳಾಳ ಕೈ ನಿಂತಿತು. "ಯಾವಾಗ?"

"ನೀ ಗಂಟು ಹಾಕ್ಕೊಳ್ಳಾಗ."

ಪರಿಮಳಾ ಹಿಡಿದ ತಾಟನ್ನು ಪೂರ್ತಿ ತೊಳೆದು, ಉಳಿದವುಗಳ ಮೇಲೆ ಇಟ್ಟು, ಕೈ ಒರೆಸಿಕೊಂಡಳು. ಅಷ್ಟರಲ್ಲಿ ಹೊರಗೆ ಇನ್ನೊಂದು ಕಾರು ನಿಂತಿತು. ಹೊಳೆ ಈಜಿದ ಅಮ್ಮನ ಮನೆ ಇದೇ ಏನ್ರಿ, ಎಂದು ಯಾರೋ ಕೂಗಿದರು. ಪರಿಮಳಾ ಎದ್ದು ಮುಂಬಾಗಿಲಿಗೆ ಹೋದಳು. ತಿಮ್ಮವ್ವ ಹಿತ್ತಲಿನಿಂದಲೇ ಕಿವಿಗೊಟ್ಟಳು, ಪರಿಮಳಾಳ ದನಿ ಬಂತು.

"ಹೌದ್ರಿ, ಇದಾ ಮನಿ. ಒಳಗ ಒಬ್ಬಾಕಿ ಅದಾಳ, ಅಕೀನ್ನ ಕೇಳ್ರಿ."

ಅಕ್ಕ ಅನ್ನಲಿಲ್ಲ.