ನಕ್ಷೆಯ ಮೇಲ್ತುದಿ

ಕಾಲುವೆಯ ಹಸಿಮಣ್ಣಿನ ವಾಸನೆ ಬಂದರೆ ಇನ್ಶಿರಾಹ್ ಟೀಚರಿಗೆ ಇಂದಿಗೂ ಎದೆ ನಡುಗುತ್ತದೆ. ಚಿಕ್ಕಂದಿನಲ್ಲಿ ತಮ್ಮನನ್ನು ನೀರಿನಿಂದ ಎತ್ತಿ ಮಲಗಿಸಿದಾಗ ಅವನ ಅಂಗಿಯಿಂದ ಬಂದದ್ದು ಅದೇ ವಾಸನೆ.

ಆ ಬೆಳಗ್ಗೆ ಅವಳು ಮಕ್ಕಳಿಗೆ ಊರಿನ ನಕ್ಷೆ ಬರೆದುಕೊಟ್ಟು, ಅದರ ಮೇಲ್ತುದಿಯಲ್ಲಿದ್ದ ಪೇರಲೆ ಮರವನ್ನು ಮುಟ್ಟಿ ಬರಲು ಕಳಿಸಿದ್ದಳು. ಮರ ಮೊದಲೇ ಗೊತ್ತಿದ್ದ ದೊಡ್ಡ ಮಕ್ಕಳೆಲ್ಲ ಮರಳಿ ಬಂದರು, ಪುಟ್ಟ ಬಸೀಮಾ ಮಾತ್ರ ಬರಲಿಲ್ಲ.

"ಅವಳು ಮೇಲಕ್ಕೆ ಹೋದ್ಲು ಟೀಚರ್. ಎಷ್ಟು ಕೂಗಿದ್ರೂ ತಿರುಗಲಿಲ್ಲ, ಕತ್ತೆ!" ಎಂದಳು ಅವಳ ಅಕ್ಕ ರಾವಿಯಾ.

"ಮೇಲಕ್ಕೆ ಅಂದ್ರೆ?"

"ನೈಲ್ ಬರೋ ಕಡೆಗೆ. ಇನ್ನೆಲ್ಲಿದೆ ಮೇಲೆ?"

ನದಿ ದಕ್ಷಿಣದಿಂದ ಇಳಿದು ಬರುವುದರಿಂದ ಈ ಊರಿನವರಿಗೆಲ್ಲ ದಕ್ಷಿಣವೇ ಮೇಲೆ. ಕಾಗದದಲ್ಲಿ ಮೇಲಿರುವುದು ಉತ್ತರ ಎಂದು ಹೇಳುವುದನ್ನೇ ಇನ್ಶಿರಾಹ್ ಮರೆತಿದ್ದಳು. ದಕ್ಷಿಣಕ್ಕೆ ಹೋದರೆ ಸಿಗುವುದು ಕಾಲುವೆಯ ತೂಬು.

ಅವಳು ಓಡಿದಳು. ಓಡಿದಷ್ಟೂ ಆ ವಾಸನೆ ದಟ್ಟವಾಯಿತು. ತೂಬಿನ ಬಳಿ ನೀರಿನ ಮೇಲೆ ನಕ್ಷೆಯೊಂದೇ ತೇಲುತ್ತಿತ್ತು.

"ಟೀಚರ್, ಇಲ್ಲಿ ಮರಾನೇ ಇಲ್ಲ! ನಿಮ್ಮ ನಕ್ಷೆ ಸುಳ್ಳು!"

ತೂಬು ಕಾಯುವವನ ಹೆಂಡತಿ ಉಮ್ ಶಹಾತಾಳ ಗುಡಿಸಲ ಬಾಗಿಲಲ್ಲಿ ಬಸೀಮಾ ಅಳುತ್ತ ನಿಂತಿದ್ದಳು.

"ಗಾಳಿಗೆ ಹಾರಿದ ಕಾಗದ ಹಿಡಿಯೋಕೆ ಬಗ್ಗಿದ್ಲು. ಜಡೆ ಉದ್ದ ಇತ್ತು, ನನ್ನ ಕೈಗೆ ಸಿಕ್ತು," ಎಂದಳು ಉಮ್ ಶಹಾತಾ.

ಇನ್ಶಿರಾಹ್ ಮಗುವನ್ನು ಅಪ್ಪಿಕೊಂಡು ನೆಲದ ಮೇಲೆ ಕುಳಿತಳು. ಉಮ್ ಶಹಾತಾ ಬಿಸಿಲಲ್ಲಿ ಹಿಟ್ಟು ಉಬ್ಬಿಸಿ ಸುಟ್ಟ ರೊಟ್ಟಿಯನ್ನು ಮುರಿದು, ಒಳಗೆ ಚೀಸ್ ಇಟ್ಟು, ಟೀಚರ ಕೈಯಲ್ಲಿಟ್ಟಳು.